ಕಾರ್ಡಿಲ್ಲದ ಲ್ಯಾಪ್‌ಟಾಪ್ ಮತ್ತು ನಮ್ಮ ಜಾಲಪಾಠ

ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲೋ ಮನೆಯ ಅಟ್ಟದ ಮೇಲೋ 1990ರ ದಶಕದ ಒಂದು ಲ್ಯಾಪ್‌ಟಾಪ್ ಇದ್ದರೆ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಅದರ ಹಿಂಬದಿಯನ್ನೊಮ್ಮೆ ನೋಡಿ. ಜಾಲದ ಕೇಬಲ್ ಸಿಕ್ಕಿಸುವ ಚೌಕ ಕಿಂಡಿ ಅಲ್ಲಿ ಕಾಣಿಸದಿರಬಹುದು. ಯುಎಸ್‌ಬಿ ಇರಲಿಕ್ಕಿಲ್ಲ. ವೈ-ಫೈ ಅಂತೂ ಇಲ್ಲವೇ ಇಲ್ಲ. ಪ್ರಿಂಟರಿಗೆಂದು 25 ತೂತುಗಳ ಒಂದು ಅಗಲವಾದ ಪೋರ್ಟ್, ಅದರ ಪಕ್ಕದಲ್ಲಿ 9 ಪಿನ್ನುಗಳ ಒಂದು ಚಿಕ್ಕ ಪೋರ್ಟ್ ಇರುತ್ತವೆ. ಇದನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಲು ಸಾಧ್ಯವೇ ಎಂದು ಕಂಪ್ಯೂಟರ್ ವಿಜ್ಞಾನ ಓದಿದ ಯಾರನ್ನಾದರೂ ಕೇಳಿ. "ನೆಟ್‌ವರ್ಕ್ ಕಾರ್ಡೇ ಇಲ್ಲವಲ್ಲ ಸಾರ್, ಆಗುವುದಿಲ್ಲ" ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಈ ಉತ್ತರ ತಪ್ಪು. ಹಾಗೆಂದು ಉತ್ತರ ಹೇಳಿದವರನ್ನು ದೂರುವುದು ನನ್ನ ಉದ್ದೇಶವಲ್ಲ. ನಾವು ಕಲಿಸಿದ್ದನ್ನೇ ಅವರು ಹೇಳುತ್ತಿದ್ದಾರೆ. ಹಾಗಾದರೆ ನಾವು ಏನು ಕಲಿಸುತ್ತಿದ್ದೇವೆ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ನಡೆದದ್ದು

2023ರಲ್ಲಿ ನಮ್ಮ ಸ್ನಾತಕೋತ್ತರ ಪ್ರಯೋಗಾಲಯದಲ್ಲಿ ಗಾಮಾ ರೋಹಿತದ ಪ್ರಯೋಗ ನಿಂತುಹೋಗುವ ಸ್ಥಿತಿ ಬಂದಿತು. ಸೋಡಿಯಂ ಅಯೊಡೈಡ್ ಹರಳಿನ ಡಿಟೆಕ್ಟರ್ ಚೆನ್ನಾಗಿತ್ತು. ಬಹುಚಾನಲ್ ವಿಶ್ಲೇಷಕವೂ ಚೆನ್ನಾಗಿತ್ತು. ವಿಶ್ಲೇಷಕವನ್ನು ನಡೆಸುವ ತಂತ್ರಾಂಶ ಮಾತ್ರ ಡಾಸ್ ಕಾಲದ್ದು. ಅದು ವಿಂಡೋಸ್ 95 ಇರುವ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿತ್ತು, ಮತ್ತು ವಿಶ್ಲೇಷಕದ ಕೇಬಲ್ ಆ ಲ್ಯಾಪ್‌ಟಾಪಿನ ಪ್ರಿಂಟರ್ ಪೋರ್ಟಿಗೆ ಹೋಗುತ್ತಿತ್ತು. ಸೀಸಿಯಂ-137ರ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಶೃಂಗ ತೆರೆಯ ಮೇಲೆ ಎಂದಿನಂತೆ ಮೂಡುತ್ತಿತ್ತು. ಕೆಟ್ಟಿದ್ದದ್ದು ಫ್ಲಾಪಿ ಡ್ರೈವ್ ಒಂದೇ.

ಫ್ಲಾಪಿ ಇಲ್ಲವೆಂದರೆ ದತ್ತಾಂಶ ಹೊರಬರುವುದಿಲ್ಲ. ರೋಹಿತದಲ್ಲಿ 1,024 ಚಾನಲ್‌ಗಳಿವೆ. ವಿದ್ಯಾರ್ಥಿಗಳು ಶೃಂಗದ ಸುತ್ತಲಿನ ನಲವತ್ತೈವತ್ತು ಚಾನಲ್‌ಗಳ ಎಣಿಕೆಯನ್ನು ತೆರೆ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕೆಲವರು ಮೊಬೈಲಿನಲ್ಲಿ ತೆರೆಯ ಚಿತ್ರ ತೆಗೆದು ಮನೆಯಲ್ಲಿ ಅಂದಾಜು ಮಾಡುತ್ತಿದ್ದರು. ಪೂರ್ಣ ರೋಹಿತ ಕೈಯಲ್ಲಿಲ್ಲದಿದ್ದರೆ ಹಿನ್ನೆಲೆ ಎಣಿಕೆಯನ್ನು ಸರಿಯಾಗಿ ಕಳೆಯಲಾಗದು, ಶೃಂಗದ ಅಗಲವನ್ನು ಕಣ್ಣಳತೆಯಲ್ಲೇ ತೆಗೆಯಬೇಕಾಗುತ್ತದೆ. ಒಂದೇ ರೋಹಿತದಿಂದ ಇಬ್ಬರು ಎರಡು ಬೇರೆ ಪೃಥಕ್ಕರಣ ಸಾಮರ್ಥ್ಯಗಳನ್ನು ಬರೆದು ತಂದರು. ಇಬ್ಬರಿಗೂ ಅಂಕ ಕೊಟ್ಟೆವು.

ದುರಸ್ತಿಗೆ ಬಂದವರು "ಜಾಲ ಸಂಪರ್ಕದ ಸೌಲಭ್ಯವಿಲ್ಲ, ಬದಲಾಯಿಸುವುದು ಸೂಕ್ತ" ಎಂದು ಬರೆದುಕೊಟ್ಟರು. ಹೊಸ ವಿಶ್ಲೇಷಕಕ್ಕೆ ಕೆಲವು ಲಕ್ಷ ರೂಪಾಯಿ ಬೇಕು. ಅನುದಾನ ಬರುವವರೆಗೆ ಆ ಪ್ರಯೋಗವನ್ನು ಪಟ್ಟಿಯಿಂದ ತೆಗೆಯುವುದೆಂದೂ ಹಳೆಯದನ್ನು ವಿಲೇವಾರಿ ಮಾಡುವುದೆಂದೂ ತೀರ್ಮಾನವಾಯಿತು. ಆ ಕಾಗದಕ್ಕೆ ನಾನೂ ಸಹಿ ಹಾಕಿದೆ.

ಯಂತ್ರವನ್ನು ಮೇಜಿನಿಂದ ತೆಗೆಯುವಾಗ ವಿದ್ಯಾರ್ಥಿನಿಯೊಬ್ಬಳು, "ಸಾರ್, ಈ ಒಂಬತ್ತು ಪಿನ್ನಿನದು ಯಾವುದಕ್ಕೆ?" ಎಂದು ಕೇಳಿದಳು. "ಹಳೆಯ ಕಾಲದ ಮೌಸಿಗೆ" ಎಂದುಬಿಟ್ಟೆ. ಮನೆಗೆ ಹೋದ ಮೇಲೆ ನಾಚಿಕೆಯಾಯಿತು. ನನ್ನ ಪಿಎಚ್.ಡಿ. ದಿನಗಳಲ್ಲಿ ವೋಲ್ಟ್‌ಮೀಟರಿನಿಂದ ಸಾವಿರಾರು ಓದಿಕೆಗಳನ್ನು ಕಂಪ್ಯೂಟರಿಗೆ ತಂದದ್ದು ಇದೇ ಪೋರ್ಟಿನಿಂದ. ಎರಡು ದಿನ ಬಿಟ್ಟು ಆ ಕಾಗದವನ್ನು ವಾಪಸು ಕೇಳಿ ಪಡೆದೆ.

ಪಠ್ಯದಲ್ಲಿ ಏನಿದೆ, ಏನಿಲ್ಲ

ನಮ್ಮಲ್ಲಿ ಬಳಕೆಯಲ್ಲಿರುವ ಪ್ರಾರಂಭಿಕ ಪಠ್ಯಗಳ ಕಂಪ್ಯೂಟರ್ ಜಾಲದ ಅಧ್ಯಾಯವನ್ನು ತೆರೆದು ನೋಡಿ. ಜಾಲಕ್ಕೆ ಬೇಕಾದ ಸಾಮಗ್ರಿಗಳು ಎಂಬ ಪಟ್ಟಿ ಮೊದಲು ಬರುತ್ತದೆ: ಕಾರ್ಡ್, ಕೇಬಲ್, ಹಬ್, ಸ್ವಿಚ್, ರೂಟರ್. ಅನಂತರ ನಕ್ಷತ್ರಾಕಾರ, ವರ್ತುಲಾಕಾರ, ಬಸ್ ಎಂಬ ಚಿತ್ರಗಳು. ಕೊನೆಗೆ ಓಎಸ್‌ಐ ಮಾದರಿಯ ಏಳು ಪದರಗಳ ಹೆಸರು. ಮೌಖಿಕ ಪರೀಕ್ಷೆಯಲ್ಲಿ ಏಳು ಹೆಸರನ್ನು ಕ್ರಮವಾಗಿ ಹೇಳಿದವರಿಗೆ ಪೂರ್ಣ ಅಂಕ. ಈ ಪ್ರಶ್ನೆಯನ್ನು ನಾನೇ ಹಲವು ಬಾರಿ ಕೇಳಿದ್ದೇನೆ.

ಇಂಥ ಅಧ್ಯಾಯದಲ್ಲಿ ಬರೆದದ್ದು ಯಾವುದೂ ಸುಳ್ಳಲ್ಲ. ಆದರೆ ಓದಿ ಮುಗಿಸಿದವನ ಮನಸ್ಸಿನಲ್ಲಿ ಜಾಲವೆಂದರೆ ಅಂಗಡಿಯಿಂದ ತರುವ ಸಾಮಾನುಗಳ ಪಟ್ಟಿ ಎಂಬ ಭಾವನೆ ಉಳಿಯುತ್ತದೆ. ಪಟ್ಟಿಯಲ್ಲಿ ಒಂದು ವಸ್ತು ಕಡಿಮೆಯಾದರೆ ಜಾಲವೂ ಇಲ್ಲ. ವಾಸ್ತವವಾಗಿ ಎರಡು ಯಂತ್ರಗಳು ಮಾತಾಡಲು ಬೇಕಾದದ್ದು ಮೂರು ಸಂಗತಿಗಳು: ಒಂದು ಕಡೆ ಬದಲಾಯಿಸಿದರೆ ಇನ್ನೊಂದು ಕಡೆ ಗುರುತಿಸಬಹುದಾದ ಒಂದು ಭೌತರಾಶಿ, ಆ ಬದಲಾವಣೆಯನ್ನು ಯಾವ ಕ್ಷಣದಲ್ಲಿ ಓದಬೇಕೆಂಬ ಒಪ್ಪಂದ, ಮತ್ತು ಓದಿದ್ದು ಸರಿಯೋ ತಪ್ಪೋ ಎಂದು ತಿಳಿಯುವ ಉಪಾಯ. ನೆಟ್‌ವರ್ಕ್ ಕಾರ್ಡ್ ಇವನ್ನು ಪೂರೈಸುವ ಹಲವು ಸಾಧನಗಳಲ್ಲಿ ಒಂದು. ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇನ್ನೊಂದು.

ಮೂರು ತಂತಿಗಳು

ಸೀರಿಯಲ್ ಪೋರ್ಟಿನ 2ನೇ ಪಿನ್ನು ಕೇಳುವುದಕ್ಕೆ, 3ನೆಯದು ಹೇಳುವುದಕ್ಕೆ, 5ನೆಯದು ಎರಡಕ್ಕೂ ಸಾಮಾನ್ಯವಾದ ಭೂಸಂಪರ್ಕ. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಸೇರಬೇಕಾದ್ದರಿಂದ ಒಂದು ತುದಿಯ 2ನ್ನು ಮತ್ತೊಂದು ತುದಿಯ 3ಕ್ಕೂ, 3ನ್ನು 2ಕ್ಕೂ, 5ನ್ನು 5ಕ್ಕೂ ಬೆಸುಗೆ ಹಾಕಬೇಕು. ಇಂಥ ಅಡ್ಡಬದಲಿನ ಕೇಬಲಿಗೆ ನಲ್ ಮೋಡೆಮ್ ಕೇಬಲ್ ಎಂದು ಹೆಸರು. 7 ಮತ್ತು 8ನೇ ಪಿನ್ನುಗಳನ್ನೂ ಹೀಗೆ ಅಡ್ಡಬದಲು ಮಾಡಿದರೆ "ಸ್ವಲ್ಪ ತಡೆ", "ಈಗ ಕಳಿಸು" ಎಂಬ ಸಂಜ್ಞೆಗಳನ್ನು ಯಂತ್ರಗಳು ತಂತಿಯ ಮೂಲಕವೇ ಹೇಳಿಕೊಳ್ಳಬಲ್ಲವು.

ಇಲ್ಲಿನ ಭೌತಶಾಸ್ತ್ರ ಗಮನಿಸಿ. ಆರ್‌ಎಸ್-232 ಎಂಬ ಮಾನಕದ ಪ್ರಕಾರ ಗ್ರಾಹಕದ ತುದಿಯಲ್ಲಿ -3 ವೋಲ್ಟಿಗಿಂತ ಕೆಳಗಿನ ವೋಲ್ಟೇಜು 1 ಎಂದೂ, +3 ವೋಲ್ಟಿಗಿಂತ ಮೇಲಿನದು 0 ಎಂದೂ ಅರ್ಥ. ನಡುವಿನ ಆರು ವೋಲ್ಟಿನ ಪಟ್ಟಿಗೆ ಅರ್ಥವಿಲ್ಲ. ಹೊರಗಿನ ಗದ್ದಲದಿಂದ ಸಂಜ್ಞೆಯನ್ನು ಕಾಪಾಡುವ ಖಾಲಿ ಜಾಗ ಅದು. ಸುಮ್ಮನಿರುವಾಗ ತಂತಿ ಋಣ ವೋಲ್ಟೇಜಿನಲ್ಲಿರುತ್ತದೆ. ಒಂದು ಬೈಟ್ ಕಳಿಸುವ ಮೊದಲು ಅದು ಧನಕ್ಕೆ ನೆಗೆಯುತ್ತದೆ. ಇದು ಆರಂಭದ ಬಿಟ್. ಬಳಿಕ ಎಂಟು ಬಿಟ್‌ಗಳು, ಕೊನೆಗೊಂದು ವಿರಾಮದ ಬಿಟ್. ಹೀಗೆ ಎಂಟು ಬಿಟ್‌ಗಳ ಸರಕಿಗೆ ಹತ್ತು ಬಿಟ್‌ಗಳ ಗಾಡಿ.

ಎರಡು ಯಂತ್ರಗಳ ನಡುವೆ ಗಡಿಯಾರದ ತಂತಿ ಇಲ್ಲ. ಹಾಗಿದ್ದೂ ಬಿಟ್‌ಗಳನ್ನು ಸರಿಯಾಗಿ ಎಣಿಸುವುದು ಹೇಗೆ? ಆರಂಭದ ನೆಗೆತ ಕಂಡ ಕ್ಷಣ ಗ್ರಾಹಕ ತನ್ನ ಎಣಿಕೆ ಶುರುಮಾಡಿ ಪ್ರತಿ ಬಿಟ್ಟಿನ ನಡುಮಧ್ಯದಲ್ಲಿ ವೋಲ್ಟೇಜನ್ನು ಓದುತ್ತದೆ. ಕೊನೆಯ ಓದು ಬರುವುದು 9.5 ಬಿಟ್ ಕಾಲದ ನಂತರ. ಅಷ್ಟರೊಳಗೆ ಎರಡು ಗಡಿಯಾರಗಳ ನಡುವೆ ಅರ್ಧ ಬಿಟ್ಟಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. 0.5ನ್ನು 9.5ರಿಂದ ಭಾಗಿಸಿದರೆ ಸುಮಾರು ಶೇಕಡ 5. ಸಾಮಾನ್ಯ ಸ್ಫಟಿಕದ ಗಡಿಯಾರ ಇದಕ್ಕಿಂತ ಎಷ್ಟೋ ಪಾಲು ನಿಖರ. ಪ್ರತಿ ಬೈಟ್‌ನಲ್ಲೂ ಎಣಿಕೆ ಹೊಸದಾಗಿ ಶುರುವಾಗುವುದರಿಂದ ದೋಷ ಶೇಖರವಾಗುವುದಿಲ್ಲ. ಈ ಲೆಕ್ಕವನ್ನು ಪಿಯುಸಿ ವಿದ್ಯಾರ್ಥಿಯೂ ಮಾಡಬಲ್ಲ.

ಪ್ರಯೋಗಾಲಯದಲ್ಲಿ ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು. ಇಂಗ್ಲಿಷಿನ ದೊಡ್ಡ 'ಯು' ಅಕ್ಷರದ ಸಂಕೇತ 85, ದ್ವಿಮಾನದಲ್ಲಿ 01010101. ಬರೀ 'ಯು' ತುಂಬಿದ ಒಂದು ಫೈಲನ್ನು ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಕಳಿಸಿ, 3ನೇ ಪಿನ್ನಿನ ವೋಲ್ಟೇಜನ್ನು ನೋಡಿ. ಆರಂಭದ ಮತ್ತು ವಿರಾಮದ ಬಿಟ್‌ಗಳೂ ಸೇರಿ 4,800 ಹರ್ಟ್ಸ್‌ನ ಅಚ್ಚುಕಟ್ಟಾದ ಚೌಕ ತರಂಗ ಕಾಣುತ್ತದೆ. ಒಂದು ಬಿಟ್ಟಿನ ಅಗಲ 104 ಮೈಕ್ರೊಸೆಕೆಂಡ್. ಏಳು ಪದರಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಭೌತ ಪದರ ಎಂದರೆ ಏನೆಂದು ಇದನ್ನು ನೋಡಿದವರಿಗೆ ಮತ್ತೆ ಹೇಳಬೇಕಾಗಿಲ್ಲ.

ವೇಗದ ಪ್ರಶ್ನೆ

"ಇದು ತುಂಬಾ ನಿಧಾನವಲ್ಲವೇ?" ಎಂದು ನೀವು ಕೇಳಬಹುದು. ನಿಧಾನವೇ. ಪಿಸಿಯ ಸೀರಿಯಲ್ ಪೋರ್ಟಿನ ಗಡಿಯಾರ 18,43,200 ಹರ್ಟ್ಸ್‌ನದು. ಅದನ್ನು 16ರಿಂದ ಭಾಗಿಸಿದರೆ ಸಿಗುವ 1,15,200 ಬಿಟ್ ಅದರ ಗರಿಷ್ಠ ವೇಗ. ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುತ್ತಿದ್ದ ಹಳೆಯ ಈಥರ್‌ನೆಟ್ ಕೂಡ ಇದಕ್ಕಿಂತ ಸುಮಾರು 87 ಪಟ್ಟು ವೇಗದ್ದು. 500 ಮೆಗಾಬೈಟ್‌ನ ಒಂದು ಡಿಸ್ಕನ್ನು ಪೂರ್ತಿಯಾಗಿ ಸೀರಿಯಲ್ ಕೇಬಲಿನಲ್ಲಿ ಸಾಗಿಸಲು ಹನ್ನೆರಡು ಗಂಟೆ ಬೇಕು.

ಆದರೆ ವೇಗ ಸಾಲದು ಎನ್ನುವ ಮೊದಲು ನಮಗೆ ಎಷ್ಟು ಬೇಕು ಎಂದು ಅಳೆಯಬೇಕಷ್ಟೆ. ನಮ್ಮ ಒಂದು ರೋಹಿತದಲ್ಲಿ 1,024 ಸಾಲು, ಸಾಲಿಗೆ ಸುಮಾರು 8 ಅಕ್ಷರ. ಒಟ್ಟು 8 ಕಿಲೋಬೈಟ್. ಸೆಕೆಂಡಿಗೆ 38,400 ಬಿಟ್ ಎಂದರೆ 3,840 ಬೈಟ್. ರೋಹಿತ ಹೊರಬರಲು ಸುಮಾರು ಎರಡು ಸೆಕೆಂಡ್ ಸಾಕು. ಆ ರೋಹಿತವನ್ನು ಸಂಗ್ರಹಿಸಲು ಹತ್ತು ನಿಮಿಷ ಕಾಯುವ ವಿದ್ಯಾರ್ಥಿಗೆ ಎರಡು ಸೆಕೆಂಡ್ ಹೊರೆಯಲ್ಲ. ಪರಿಮಾಣದ ಅಂದಾಜು ಮಾಡುವುದು ಭೌತಶಾಸ್ತ್ರದ ಮೊದಲ ಪಾಠ. ವಿಲೇವಾರಿ ಕಾಗದಕ್ಕೆ ಸಹಿ ಹಾಕಿದ ನಮ್ಮಲ್ಲಿ ಯಾರೂ ಆ ಅಂದಾಜು ಮಾಡಿರಲಿಲ್ಲ.

ಇತಿಹಾಸವನ್ನೂ ನೆನೆಯಬಹುದು. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಅರ್ಪಾನೆಟ್ ಇಂದಿನ ಅಂತರಜಾಲದ ಮೂಲ. ಅದರ ಕೇಂದ್ರಗಳ ನಡುವಿನ ತಂತಿಗಳ ವೇಗ ಸೆಕೆಂಡಿಗೆ 50,000 ಬಿಟ್. ನಮ್ಮ ದೇಶದಲ್ಲಿ 1986ರಲ್ಲಿ ಶುರುವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುದಾರನಾಗಿತ್ತು. ಆರಂಭದ ವರ್ಷಗಳಲ್ಲಿ ಆ ಜಾಲ ನಡೆದದ್ದು ಸೆಕೆಂಡಿಗೆ 9,600 ಬಿಟ್‌ನ ಗುತ್ತಿಗೆ ತಂತಿಗಳ ಮೇಲೆ. ಅದನ್ನು ಜಾಲವೆಂದು ಒಪ್ಪುವ ನಾವು, ಅದಕ್ಕಿಂತ ಹನ್ನೆರಡು ಪಟ್ಟು ವೇಗದ ಒಂದು ಪೋರ್ಟನ್ನು ಹಿಂಬದಿಯಲ್ಲಿ ಇಟ್ಟುಕೊಂಡ ಯಂತ್ರಕ್ಕೆ ಜಾಲ ಸೌಲಭ್ಯವಿಲ್ಲ ಎಂದು ಬರೆದುಕೊಡುತ್ತೇವೆ.

ನಾವು ಮಾಡಿದ್ದು

ಇಂದಿನ ಕಂಪ್ಯೂಟರುಗಳಲ್ಲಿ ಸೀರಿಯಲ್ ಪೋರ್ಟ್ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಹೊಸ ಯಂತ್ರದ ಕಡೆಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಾಯಿಸುವ ಒಂದು ಕೇಬಲ್ ತಂದೆವು. ಇಲ್ಲಿ ಒಂದು ಎಚ್ಚರಿಕೆ. ಮೈಕ್ರೊಕಂಟ್ರೋಲರುಗಳಿಗೆಂದು ಮಾರುವ ಕೆಲವು ಚಿಕ್ಕ ಪರಿವರ್ತಕಗಳು 3.3 ಅಥವಾ 5 ವೋಲ್ಟಿನ ಸಂಜ್ಞೆಗೆ ಮಾತ್ರ ಹೊಂದುತ್ತವೆ. ಅವುಗಳನ್ನು ನೇರವಾಗಿ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಅದರ ಋಣ ವೋಲ್ಟೇಜು ಪರಿವರ್ತಕವನ್ನು ಸುಟ್ಟುಹಾಕಬಹುದು. ಆರ್‌ಎಸ್-232ಕ್ಕೆ ಹೊಂದುವುದೆಂದು ಖಚಿತಪಡಿಸಿಕೊಂಡೇ ಕೊಳ್ಳಿ.

ವಿಂಡೋಸ್ 95ರಿಂದ ಎಕ್ಸ್‌ಪಿವರೆಗೆ ಹೈಪರ್‌ಟರ್ಮಿನಲ್ ಎಂಬ ತಂತ್ರಾಂಶ ಜೊತೆಗೇ ಬರುತ್ತಿತ್ತು. ವಿಸ್ಟಾದಲ್ಲಿ ಅದನ್ನು ಕೈಬಿಡಲಾಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಇದ್ದೇ ಇತ್ತು. ಹೊಸ ಯಂತ್ರದಲ್ಲಿ ಲಿನಕ್ಸಿನ ಮಿನಿಕಾಮ್ ಬಳಸಿದೆವು. ವಿಂಡೋಸ್ ಇದ್ದವರು ಟೆರಾ ಟರ್ಮ್ ಬಳಸಬಹುದು. ಎರಡೂ ಕಡೆ ವೇಗ, ಬಿಟ್‌ಗಳ ಸಂಖ್ಯೆ, ವಿರಾಮದ ಬಿಟ್ ಒಂದೇ ಆಗಿರಬೇಕು. ಒಂದು ಕಡೆ ಒತ್ತಿದ ಅಕ್ಷರ ಇನ್ನೊಂದು ತೆರೆಯ ಮೇಲೆ ಮೂಡಿದಾಗ ವಿದ್ಯಾರ್ಥಿಗಳ ಮುಖ ನೋಡಬೇಕಿತ್ತು. ದಿನವೂ ಮೊಬೈಲಿನಲ್ಲಿ ಚಲನಚಿತ್ರ ನೋಡುವ ಮಕ್ಕಳು ಒಂದು ಅಕ್ಷರ ಕಂಡು ಚಪ್ಪಾಳೆ ತಟ್ಟಿದರು.

ಅಕ್ಷರ ಹೋದರೆ ಸಾಲದು, ಫೈಲು ತಪ್ಪಿಲ್ಲದೆ ಹೋಗಬೇಕು. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ರೂಪಿಸಿದ ಎಕ್ಸ್‌ಮೋಡೆಮ್ ಎಂಬ ಒಪ್ಪಂದ ಫೈಲನ್ನು 128 ಬೈಟ್‌ಗಳ ಕಂತುಗಳಾಗಿ ಒಡೆದು, ಪ್ರತಿ ಕಂತಿಗೂ ಕ್ರಮಸಂಖ್ಯೆ ಮತ್ತು ಬೈಟ್‌ಗಳ ಮೊತ್ತ ಸೇರಿಸುತ್ತದೆ. ಮೊತ್ತ ತಾಳೆಯಾಗದಿದ್ದರೆ ಗ್ರಾಹಕ ಆ ಕಂತನ್ನು ಮತ್ತೆ ಕೇಳುತ್ತದೆ. ಎರಡು ಬೈಟ್‌ಗಳು ಅದಲುಬದಲಾದರೂ ಮೊತ್ತ ಅಷ್ಟೇ ಇರುತ್ತದಲ್ಲ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಬಹುಪದಿಗಳ ಭಾಗಾಕಾರದ ಶೇಷವನ್ನು ಬಳಸುವ ಪರೀಕ್ಷೆ ಹುಟ್ಟಿದ್ದು ಇಂಥ ಸಂದೇಹಗಳಿಂದಲೇ. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ರಚಿಸಿದ ಝೆಡ್‌ಮೋಡೆಮ್‌ನಲ್ಲಿ ಆ ಪರೀಕ್ಷೆ ಇದೆ. ನಾವು ಬಳಸಿದ್ದು ಅದನ್ನೇ.

ಪಕ್ಕದ ಕೋಣೆಯವರೆಗೆ ಹಳೆಯ ದೂರವಾಣಿ ತಂತಿ ಎಳೆದು ನೋಡಿದಾಗ ಗರಿಷ್ಠ ವೇಗದಲ್ಲಿ ತಪ್ಪುಗಳು ಬಂದವು. 38,400ಕ್ಕೆ ಇಳಿಸಿದ ಮೇಲೆ ನಿಂತವು. ಕಾರಣ ತಂತಿಯ ಧಾರಕತೆ. ತಂತಿ ಉದ್ದವಾದಷ್ಟೂ ಅದನ್ನು ಆವೇಶಗೊಳಿಸಲು ಹೆಚ್ಚು ಕಾಲ ಬೇಕು, ಚೌಕ ತರಂಗದ ಮೂಲೆಗಳು ದುಂಡಗಾಗುತ್ತವೆ. 1,15,200 ವೇಗದಲ್ಲಿ ಒಂದು ಬಿಟ್ಟಿಗೆ ಸಿಗುವ ಕಾಲ 8.7 ಮೈಕ್ರೊಸೆಕೆಂಡ್ ಮಾತ್ರ. ಮೂಲ ಮಾನಕ ಹೇಳಿದ್ದು ಸೆಕೆಂಡಿಗೆ 20,000 ಬಿಟ್‌ವರೆಗೆ. ಅದರ ಆಚೆಗೆ ಹೋದವರು ತಂತಿಯ ಉದ್ದದ ಬಗ್ಗೆ ಎಚ್ಚರವಾಗಿರಬೇಕು. ಆರ್‌ಸಿ ಮಂಡಲದ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇದು ನಿಜವಾದ ಜಾಲವೇ?

ಫೈಲು ಸಾಗಿಸುವುದು ಜಾಲವಲ್ಲ ಎಂಬ ಆಕ್ಷೇಪ ಬರಬಹುದು. ಅದಕ್ಕೂ ಉತ್ತರವಿದೆ. ಅಂತರಜಾಲದ ಐಪಿ ಪೊಟ್ಟಣಗಳನ್ನೇ ಈ ತಂತಿಯ ಮೇಲೆ ಕಳಿಸಬಹುದು. 1988ರಲ್ಲಿ ದಾಖಲಾದ ಸ್ಲಿಪ್ ಎಂಬ ವಿಧಾನ ಎಷ್ಟು ಸರಳವೆಂದರೆ ಕಪ್ಪುಹಲಗೆಯ ಮೇಲೆ ಐದು ನಿಮಿಷದಲ್ಲಿ ಕಲಿಸಬಹುದು. ಪೊಟ್ಟಣ ಮುಗಿಯಿತು ಎನ್ನಲು 192 ಎಂಬ ಬೈಟ್ ಕಳಿಸಬೇಕು. ದತ್ತಾಂಶದಲ್ಲೇ 192 ಬಂದರೆ ಅದರ ಬದಲು 219, 220 ಎಂದು ಎರಡು ಬೈಟ್ ಕಳಿಸಬೇಕು. 219 ಬಂದರೆ 219, 221. ಅಷ್ಟೇ. ಸ್ಲಿಪ್‌ನಲ್ಲಿ ದೋಷ ಪತ್ತೆ ಇಲ್ಲ, ವಿಳಾಸವನ್ನು ತಾವೇ ಮಾತಾಡಿಕೊಳ್ಳುವ ವ್ಯವಸ್ಥೆ ಇಲ್ಲ. ಈ ಕೊರತೆಗಳನ್ನು ಪಿಪಿಪಿ ಎಂಬ ಒಪ್ಪಂದ ತುಂಬಿತು. 1994ರ ಅದರ ರೂಪ ಇಂದಿಗೂ ಮಾನಕ. ದೂರವಾಣಿ ಮೋಡೆಮ್‌ಗಳ ಕಾಲದಲ್ಲಿ ಮನೆಮನೆಗೆ ಅಂತರಜಾಲ ಬಂದದ್ದು ಪಿಪಿಪಿಯ ಮೂಲಕ. ಎರಡು ಯಂತ್ರಗಳಲ್ಲೂ ಅದನ್ನು ನಡೆಸಿ ತಲಾ ಒಂದು ವಿಳಾಸ ಕೊಟ್ಟರೆ ಕಾರ್ಡಿಲ್ಲದ ಲ್ಯಾಪ್‌ಟಾಪ್ ಜಾಲದ ಪೂರ್ಣ ಸದಸ್ಯ. ಮೇಲಿನ ಪದರಗಳಿಗೆ ಕೆಳಗಿರುವುದು ಕಾರ್ಡೋ ಮೂರು ತಂತಿಯೋ ತಿಳಿಯುವುದೇ ಇಲ್ಲ. ಪದರಗಳ ಕಲ್ಪನೆ ಇರುವುದೇ ಇದಕ್ಕಾಗಿ. ಏಳು ಹೆಸರು ಬಾಯಿಪಾಠ ಮಾಡಿಸುವ ನಮ್ಮ ಅಧ್ಯಾಯ ಹೇಳದೆ ಬಿಟ್ಟದ್ದೂ ಇದನ್ನೇ.

ಹಿಂದಿನ ತಂತ್ರಾಂಶಕಾರರ ಜಾಣ್ಮೆಯ ಒಂದು ಉದಾಹರಣೆ ಕೇಳಿ. 1993ರ ಎಂಎಸ್-ಡಾಸ್ 6ರಲ್ಲಿ ಇಂಟರ್‌ಲಿಂಕ್ ಎಂಬ ಸೌಲಭ್ಯವಿತ್ತು. ಅದು ಒಂದು ಯಂತ್ರದ ಡಿಸ್ಕನ್ನು ಇನ್ನೊಂದರಲ್ಲಿ ಕಾಣಿಸುತ್ತಿತ್ತು. ಎರಡನೆಯ ಯಂತ್ರದಲ್ಲಿ ಆ ತಂತ್ರಾಂಶವಿಲ್ಲ, ಫ್ಲಾಪಿಯೂ ಇಲ್ಲವೆಂದರೆ? ಏಳು ತಂತಿಯ ಸೀರಿಯಲ್ ಕೇಬಲಿನ ಮೂಲಕ ತನ್ನನ್ನು ತಾನೇ ಆ ಕಡೆಗೆ ನಕಲು ಮಾಡಿಕೊಳ್ಳುವ ಆಜ್ಞೆಯನ್ನೂ ಅದರಲ್ಲಿ ಇಟ್ಟಿದ್ದರು.

ಬೇರೆ ದಾರಿಗಳು

ಸೀರಿಯಲ್ ಪೋರ್ಟೇ ಯಾವಾಗಲೂ ಉತ್ತಮವೆಂದು ನಾನು ವಾದಿಸುತ್ತಿಲ್ಲ. ಬೇಕಾದದ್ದು ಹಳೆಯ ಫೈಲುಗಳನ್ನು ಒಂದು ಸಲ ಹೊರತೆಗೆಯುವುದಷ್ಟೇ ಆದರೆ, ಡಿಸ್ಕನ್ನು ಬಿಚ್ಚಿ 44 ಪಿನ್ನಿನ ಯುಎಸ್‌ಬಿ ಪರಿವರ್ತಕಕ್ಕೆ ಜೋಡಿಸುವುದೇ ಶೀಘ್ರ ಮಾರ್ಗ. ನಮ್ಮಲ್ಲಿ ಯಂತ್ರ ದಿನವೂ ನಡೆಯಬೇಕಾಗಿತ್ತು, ಆದ್ದರಿಂದ ಅದು ಹೊಂದಲಿಲ್ಲ. ಪಿಸಿ ಕಾರ್ಡಿನ ಕಿಂಡಿ ಸರಿಯಿದ್ದು 16 ಬಿಟ್‌ನ ಈಥರ್‌ನೆಟ್ ಕಾರ್ಡ್ ಸಿಕ್ಕಿದರೆ ಅದೂ ಒಳ್ಳೆಯದೇ. ಆದರೆ ನಂತರದ ಕಾರ್ಡ್‌ಬಸ್ ಕಾರ್ಡುಗಳು ಹಳೆಯ ಕಿಂಡಿಗೆ ಕೂರುವುದಿಲ್ಲ, ಮತ್ತು ಯಾವ ಕಾರ್ಡಿಗೂ ಚಾಲಕ ತಂತ್ರಾಂಶವನ್ನು ಮೊದಲು ಯಂತ್ರದೊಳಗೆ ಸೇರಿಸಬೇಕು. ಅದನ್ನು ಸೇರಿಸಲು ಮತ್ತೆ ಸೀರಿಯಲ್ ಕೇಬಲೇ ಗತಿ. ಪ್ರಿಂಟರ್ ಪೋರ್ಟ್ ಖಾಲಿ ಇದ್ದರೆ ಅಡ್ಡಬದಲಿನ ವಿಶೇಷ ಕೇಬಲಿನಿಂದ ಒಮ್ಮೆಗೆ ನಾಲ್ಕು ಬಿಟ್ ಕಳಿಸಬಹುದು. ಸಾಮಾನ್ಯ ನೇರ ಕೇಬಲ್ ಮಾತ್ರ ಬಳಸಬೇಡಿ, ಪೋರ್ಟ್ ಕೆಡುತ್ತದೆ.

ಇನ್ನೊಂದು ಮಾತು. ತಯಾರಕರ ಭದ್ರತಾ ತಿದ್ದುಪಡಿಗಳು ಎಂದೋ ನಿಂತುಹೋದ ಇಂಥ ಯಂತ್ರವನ್ನು ನೇರವಾಗಿ ಅಂತರಜಾಲಕ್ಕೆ ಒಡ್ಡಬಾರದು. ಒಂದೇ ಯಂತ್ರಕ್ಕೆ ಹೋಗುವ ಕೇಬಲ್ ಇದ್ದರೆ ಈ ಅಪಾಯ ತಾನಾಗಿಯೇ ದೂರ.

ನಾವು ಏನು ಬದಲಾಯಿಸಬಹುದು?

ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ ಚಿಕ್ಕದು. ಜಾಲದ ಅಧ್ಯಾಯವನ್ನು ಸಾಮಗ್ರಿಗಳ ಪಟ್ಟಿಯಿಂದ ಶುರುಮಾಡಬೇಡಿ. ಮೂರು ತಂತಿ, ಎರಡು ಒಂಬತ್ತು ಪಿನ್ನಿನ ಕನೆಕ್ಟರು, ಒಂದು ಬೆಸುಗೆ ಕಡ್ಡಿಯಿಂದ ಶುರುಮಾಡಿ. ಮೊದಲ ದಿನ ಒಂದು ಅಕ್ಷರ ಕಳಿಸಲಿ. ಎರಡನೆಯ ದಿನ ವೇಗವನ್ನು ಬೇಕೆಂದೇ ಬೇರೆಬೇರೆ ಇಟ್ಟು ಕಸ ಬರುವುದನ್ನು ನೋಡಲಿ. ಮೂರನೆಯ ದಿನ ಫೈಲು ಸಾಗುತ್ತಿರುವಾಗ ತಂತಿ ಕಿತ್ತು, ಒಪ್ಪಂದ ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಗಮನಿಸಲಿ. ಪದರಗಳ ಹೆಸರು ನಾಲ್ಕನೆಯ ದಿನಕ್ಕಿರಲಿ. ಆಗ ಆ ಹೆಸರುಗಳಿಗೆ ತೂಗುಹಾಕಲು ಅವರ ಬಳಿ ಅನುಭವವಿರುತ್ತದೆ.

ವಿಲೇವಾರಿ ಪಟ್ಟಿ ತಯಾರಿಸುವ ವಿಭಾಗಗಳಿಗೂ ಒಂದು ಮಾತು. ಯಂತ್ರ ಏನು ಮಾಡಲಾರದು ಎಂದು ಬರೆಯುವ ಮೊದಲು ಅದರ ಹಿಂಬದಿಯ ಪ್ರತಿಯೊಂದು ಪೋರ್ಟಿನ ಹೆಸರನ್ನೂ ಉಪಯೋಗವನ್ನೂ ಬರೆದು ನೋಡಿ. ಉತ್ತರ ತಿಳಿಯದಿದ್ದರೆ ವಿದ್ಯಾರ್ಥಿಗಳನ್ನು ಹುಡುಕಲು ಹಚ್ಚಿ.

ನಮ್ಮ ಗಾಮಾ ರೋಹಿತದ ಪ್ರಯೋಗ ಪಟ್ಟಿಯಲ್ಲಿ ಉಳಿದಿದೆ. ವಿದ್ಯಾರ್ಥಿಗಳು ಈಗ 1,024 ಚಾನಲ್‌ಗಳನ್ನೂ ತೆಗೆದುಕೊಂಡು ಹಿನ್ನೆಲೆ ಕಳೆದು ಶೃಂಗಕ್ಕೆ ಗಾಸ್‌ನ ವಕ್ರರೇಖೆ ಹೊಂದಿಸುತ್ತಾರೆ. ಇಬ್ಬರ ಉತ್ತರಗಳಲ್ಲಿ ವ್ಯತ್ಯಾಸ ಬಂದರೆ ಅದರ ಕಾರಣ ಕೇಳುತ್ತೇವೆ. ಒಂಬತ್ತು ಪಿನ್ನಿನದು ಯಾವುದಕ್ಕೆಂದು ಕೇಳಿದ ವಿದ್ಯಾರ್ಥಿನಿಗೆ ನಾನು ಸರಿಯಾದ ಉತ್ತರವನ್ನು ಒಂದು ವಾರ ತಡವಾಗಿ ಕೊಟ್ಟೆ. ಕೇಬಲಿಗೆ ಬೆಸುಗೆ ಹಾಕಿದವಳು ಅವಳೇ.